ವೆಬ್‌ಕ್ಯಾಮ್ ಕೊಳ್ಳುವ ಮುನ್ನ ಟ್ಯೂಬ್‌ಲೈಟ್ ಕಡೆ ನೋಡಿ

ವೆಬ್‌ಕ್ಯಾಮ್ ಕೊಳ್ಳುವಾಗ ಬಹಳಷ್ಟು ಮಂದಿ ಡಬ್ಬಿಯ ಮೇಲೆ ಚಿತ್ರದ ಸೂಕ್ಷ್ಮತೆ ಹೇಳುವ ‘4ಕೆ’ ಎಂಬ ದಪ್ಪಕ್ಷರವನ್ನು ನಂಬಿ ಹಣ ಕೊಡುತ್ತಾರೆ, ಆಮೇಲೆ ಮುಖ ಮಸುಕಾಗಿ ಕಂಡರೆ ಇಂಟರ್ನೆಟ್ಟನ್ನು ಬೈಯುತ್ತಾರೆ. ನನ್ನ ಅಕ್ಕ ಅಮೆರಿಕದಲ್ಲಿರುವ ಶಿಷ್ಯೆಗೆ ರಾತ್ರಿ ಹೊತ್ತು ವೀಣೆ ಹೇಳಿಕೊಡುತ್ತಾರೆ. ಹೊಸ ಕ್ಯಾಮೆರಾ ತಂದ ವಾರದಲ್ಲೇ, ಗಮಕ ನುಡಿಸುವಾಗ ಎಡಗೈ ಬೆರಳುಗಳು ಕಾಣುವುದೇ ಇಲ್ಲ, ಅಲ್ಲೊಂದು ಮಂಜು ಮಾತ್ರ ಓಡಾಡುತ್ತದೆ ಎಂದು ಆ ಹುಡುಗಿ ದೂರಿದಳು.

ಮೊದಲ ಹಂತ: ಕೆಲಸ ಯಾವುದೆಂದು ತೀರ್ಮಾನಿಸಿಕೊಳ್ಳಿ. ಮೀಟಿಂಗು, ಪಾಠ, ಸಂದರ್ಶನಗಳಿಗೆ ಸೆಕೆಂಡಿಗೆ 30 ಫ್ರೇಮುಗಳ (ಬಿಡಿ ಚಿತ್ರಗಳ) 1080ಪಿ, ಅಂದರೆ 1080 ಸಾಲು ಪಿಕ್ಸೆಲ್ ಚುಕ್ಕೆಗಳ ಚಿತ್ರ, ಧಾರಾಳವಾಯಿತು. ಕರೆಯ ಆ್ಯಪ್‌ಗಳು ಚಿತ್ರವನ್ನು ಅದಕ್ಕಿಂತಲೂ ಕುಗ್ಗಿಸಿ ಕಳಿಸುವುದೇ ಹೆಚ್ಚು. ನೃತ್ಯವನ್ನೋ ಆಟವನ್ನೋ ನೇರಪ್ರಸಾರ ಮಾಡುವವರು 60 ಫ್ರೇಮು ಕೊಡುವುದನ್ನು ಹುಡುಕಬೇಕು.

ಎರಡನೆಯ ಹಂತ: ವಿವರಪಟ್ಟಿ ಓದಿ. ಪುಸ್ತಕ, ಕಸೂತಿ, ವಾದ್ಯಗಳನ್ನು ಹತ್ತಿರ ಹಿಡಿದು ತೋರಿಸುವವರಿಗೆ, ದೂರಕ್ಕೆ ತಕ್ಕಂತೆ ಚಿತ್ರವನ್ನು ತಾನೇ ಸ್ಪಷ್ಟಗೊಳಿಸಿಕೊಳ್ಳುವ ಆಟೊಫೋಕಸ್ ಬೇಕೇ ಬೇಕು. ಕುಳಿತಲ್ಲೇ ಮಾತಾಡುವವರಿಗೆ ಸ್ಥಿರ ಫೋಕಸ್ಸೇ ವಾಸಿ, ಏಕೆಂದರೆ ಕೈ ಆಡಿಸಿದಾಗಲೆಲ್ಲ ಚಿತ್ರ ಮಸುಕಾಗಿ ಸರಿಹೋಗುವ ರಗಳೆ ಅದರಲ್ಲಿಲ್ಲ. ನೋಟದ ಕೋನ 78 ಡಿಗ್ರಿಯ ಆಸುಪಾಸಿನಲ್ಲಿರಲಿ. 90 ದಾಟಿದರೆ ಹಿಂದೆ ಒಣಹಾಕಿದ ಬಟ್ಟೆಯೂ ಮೀಟಿಂಗಿಗೆ ಹಾಜರಾಗುತ್ತದೆ. 2012ರಲ್ಲಿ ಬಂದ ಲಾಜಿಟೆಕ್ ಸಿ920 ಇಂಥ ಸಾಧಾರಣ ಲೆಕ್ಕದಲ್ಲೇ ವರ್ಷಗಟ್ಟಲೆ ಬಾಳಿದ ಮಾದರಿ.

ಮೂರನೆಯ ಹಂತವೇ ಮುಖ್ಯ: ತಂದ ದಿನವೇ, ರಾತ್ರಿ, ನೀವು ನಿಜವಾಗಿ ಕೂರುವ ಕೋಣೆಯಲ್ಲಿ ಪರೀಕ್ಷಿಸಿ. ವಿಡಿಯೊ ದಾಖಲಿಸಲು ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೊ ತಂತ್ರಾಂಶದಲ್ಲಿ ಕ್ಯಾಮೆರಾ ಸೇರಿಸಿ, ಇದೇ ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟವನ್ನು ಒಂದೂವರೆ ಅಡಿ ದೂರದಲ್ಲಿ ಹಿಡಿಯಿರಿ. 1080ಪಿಯಲ್ಲಿ ಸುಮಾರು 20.7 ಲಕ್ಷ, 4ಕೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಕೊಂಡಿದ್ದು 4ಕೆ ಆದರೆ, ಎರಡರಲ್ಲೂ ಒಂದೊಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದಾಗ ಸಣ್ಣ ಅಕ್ಷರಗಳಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ, ನಿಮಗೆ ಸಿಕ್ಕಿರುವುದು ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸುವ ಕ್ಯಾಮೆರಾ ಎಂದು ಅನುಮಾನಿಸಬಹುದು. ಅಗ್ಗದ ಮಾಲಿನಲ್ಲಿ ಈ ಮೋಸ ಹೊಸದಲ್ಲ.

ಬಳಿಕ ಲೆನ್ಸ್ ಮುಂದೆ ಕೈ ಬೀಸಿ. ಕೈಗೆ ಬಾಲ ಬಂದಂತೆ ಕಂಡರೆ ಬೆಳಕು ಸಾಲುತ್ತಿಲ್ಲ ಎಂದರ್ಥ. ಕತ್ತಲಿಗೆ ಹೊಂದಿಕೊಳ್ಳಲು ಕ್ಯಾಮೆರಾ ಪ್ರತಿ ಫ್ರೇಮನ್ನೂ ಹೆಚ್ಚು ಹೊತ್ತು ತೆರೆದಿಡುವುದರಿಂದ 30 ಫ್ರೇಮು ಹದಿನೈದಕ್ಕೆ ಇಳಿಯುವುದುಂಟು. ಅಕ್ಕನ ಮನೆಯಲ್ಲಿ ಆಗಿದ್ದು ಇದೇ: ಇದ್ದ ಒಂದೇ ಟ್ಯೂಬ್‌ಲೈಟ್ ಅವರ ಬೆನ್ನ ಹಿಂದಿತ್ತು. ವಿಂಡೋಸ್‌ನಲ್ಲಿ ಒಬಿಎಸ್‌ನ ‘ಕಾನ್ಫಿಗರ್ ವಿಡಿಯೊ’ ಒತ್ತಿ, ‘ಲೋ ಲೈಟ್ ಕಾಂಪನ್ಸೇಶನ್’ ಎಂಬ ಗುರುತು ಇದ್ದರೆ ತೆಗೆದುಹಾಕಿ. ಚಿತ್ರ ಕಪ್ಪಾಗುತ್ತದೆ, ಗಾಬರಿ ಬೇಡ. ಒಂದು ಟೇಬಲ್ ಲ್ಯಾಂಪನ್ನು ಮಾನಿಟರ್ ಹಿಂದಿಟ್ಟು ಎದುರಿನ ಬಿಳಿ ಗೋಡೆಗೆ ತಿರುಗಿಸಿದರೆ, ಗೋಡೆಯಿಂದ ಮರಳುವ ಮೆದು ಬೆಳಕು ಮುಖದ ಮೇಲೂ ಕೈಯ ಮೇಲೂ ಬೀಳುತ್ತದೆ. ರಿಂಗ್ ಲೈಟನ್ನು ನಾನು ಯಾರಿಗೂ ಹೇಳುವುದಿಲ್ಲ. ಕನ್ನಡಕ ಹಾಕಿದವರ ಕಣ್ಣಲ್ಲಿ ಎರಡು ಬಳೆ ತೊಡಿಸುತ್ತದೆ.

‘ಕಾನ್ಫಿಗರ್ ವಿಡಿಯೊ’ ಒತ್ತಿದಾಗ ಪರದೆಯ ಮೇಲೆ ತೆರೆಯುವ ಅದೇ ಕಿಟಕಿಯಲ್ಲಿ ‘ಪವರ್‌ಲೈನ್ ಫ್ರೀಕ್ವೆನ್ಸಿ’ ಎಂಬ ಆಯ್ಕೆಯೂ ಇರುತ್ತದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್, ಅಮೆರಿಕದ್ದು 60. ನಮ್ಮ ಹಲವು ದೀಪಗಳು ಕಣ್ಣಿಗೆ ತಿಳಿಯದಂತೆ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ಕ್ಯಾಮೆರಾ 60ಕ್ಕೆ ಹೊಂದಿಸಿಕೊಂಡಿದ್ದರೆ ಮುಖದ ಮೇಲೆ ಕಪ್ಪು ಪಟ್ಟಿಗಳು ನಿಧಾನವಾಗಿ ಹರಿಯುತ್ತವೆ. ಎಷ್ಟೋ ಜನ ಈ ಒಂದು ಪಟ್ಟಿಗಾಗಿ ಒಳ್ಳೆಯ ಕ್ಯಾಮೆರಾವನ್ನು ಕೆಟ್ಟಿದೆಯೆಂದು ಹಿಂದಿರುಗಿಸಿದ್ದಾರೆ. ಆ ಆಯ್ಕೆಯನ್ನು 50 ಮಾಡಿದರೆ ಮುಗಿಯಿತು.

ನಾಲ್ಕನೆಯ ಹಂತ: ಯುಎಸ್‌ಬಿ ತಂತಿಯನ್ನು ನೇರವಾಗಿ ಕಂಪ್ಯೂಟರಿಗೇ ಚುಚ್ಚಿ. ಸಂಕುಚಿಸದ 1080ಪಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 100 ಕೋಟಿ ಬಿಟ್‌ಗಳು ಬೇಕು, ಯುಎಸ್‌ಬಿ 2.0ರ ಗರಿಷ್ಠ ವೇಗವೇ 48 ಕೋಟಿ. ಹಾಗಾಗಿ ಕ್ಯಾಮೆರಾ ಮೊದಲೇ ಚಿತ್ರವನ್ನು ಹಿಂಡಿ ಕಳಿಸುತ್ತಿರುತ್ತದೆ. ಆ ಇಕ್ಕಟ್ಟಿನಲ್ಲಿ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ಗಳೊಂದಿಗೆ ಒಂದೇ ಯುಎಸ್‌ಬಿ ಹಬ್‌ಗೆ (ಒಂದು ಕಿಂಡಿಯನ್ನು ಹಲವಾಗಿಸುವ ಸಾಧನಕ್ಕೆ) ಸಿಕ್ಕಿಸಿದರೆ ಫ್ರೇಮುಗಳು ಬಿಟ್ಟುಹೋಗುತ್ತವೆ.

ವೆಬ್‌ಕ್ಯಾಮ್‌ನೊಳಗಿನ ಮೈಕಿಗೆಂದು ಹೆಚ್ಚಿಗೆ ಹಣ ಕೊಡಬೇಡಿ. ಫೋನಿಗೆ ಬಳಸುವ, ಮೈಕಿರುವ ಇಯರ್‌ಫೋನ್ ಅದಕ್ಕಿಂತ ಚೆನ್ನಾಗಿ ದನಿ ಹಿಡಿಯುತ್ತದೆ. ತಿಂಗಳಿಗೊಂದೆರಡು ಕರೆ ಮಾಡುವವರು ಕ್ಯಾಮೆರಾ ಕೊಳ್ಳುವ ಅಗತ್ಯವೂ ಇಲ್ಲ: ಆಂಡ್ರಾಯ್ಡ್ 14 ಅಥವಾ ಅದರ ನಂತರದ ಆವೃತ್ತಿಯಿರುವ ಕೆಲವು ಫೋನ್‌ಗಳನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ವೆಬ್‌ಕ್ಯಾಮ್ ಆಗಿಯೇ ಬಳಸಬಹುದು, ಐಫೋನ್ ಜೊತೆ ಆಪಲ್‌ನ ಮ್ಯಾಕ್ ಕಂಪ್ಯೂಟರೂ ಇದ್ದವರಿಗೆ, ಅದರ 2022ರ ಆವೃತ್ತಿಯಾದ ಮ್ಯಾಕ್‌ಓಎಸ್ ವೆಂಚುರಾದಿಂದ ಈಚೆಗೆ ಇದೇ ಸೌಲಭ್ಯ ತಂತಿಯಿಲ್ಲದೆಯೂ ಇದೆ. ಕೊಂಡವರು ಮಾತ್ರ ಡಬ್ಬಿಯನ್ನೂ ಬಿಲ್ಲನ್ನೂ ಹಿಂದಿರುಗಿಸುವ ಗಡುವು ಮುಗಿಯುವವರೆಗೆ ಎತ್ತಿಡಿ.