ಕಾರ್ ಶೆಡ್ಡಿನ ಡಿಬಿಗೆ ಆರರ ವೈರ್ ಯಾಕೆ ಎಳೆದೆ

ಉಡುಪಿಯ ನಮ್ಮ ಮನೆಯ ಹಿಂದಿನ ಕಾರ್ ಶೆಡ್ಡಿಗೆ ಪ್ರತ್ಯೇಕ ಡಿಬಿ (ಕರೆಂಟ್ ಹಂಚುವ ಸ್ವಿಚ್ ಪೆಟ್ಟಿಗೆ) ಬೇಕಾಯಿತು. ವೈರಿಂಗ್ ನನ್ನದೇ ಕಸುಬು, ಮೊದಲು ಲೋಡ್ ಕೂಡಿಸಿದೆ. 3.3 ಕಿಲೋವ್ಯಾಟಿನ ಕಾರ್ ಚಾರ್ಜರಿಗೆ 15 ಆಂಪ್, 1 ಎಚ್‌ಪಿ ಕಂಪ್ರೆಸರಿಗೆ 6, ಲೈಟು, ಫ್ಯಾನು, ಡ್ರಿಲ್ಲಿಗೆ 4. ಒಟ್ಟು 25.

"ನಾಲ್ಕರ ವೈರ್ ಧಾರಾಳ ಸಾಕು ಮಾರಾಯ್ರೆ" ಅಂದರು ಅಂಗಡಿಯವರು. ನಾಲ್ಕು, ಆರು ಅಂದರೆ ವೈರಿನೊಳಗಿನ ತಾಮ್ರದ ದಪ್ಪ, ಸ್ಕ್ವೇರ್ ಎಂಎಂ ಲೆಕ್ಕದಲ್ಲಿ. ಬರೀ ಆಂಪ್ ನೋಡಿದರೆ ಸರಿಯೇ. ಆದರೆ ಮೇನ್ ಬೋರ್ಡಿನಿಂದ ಶೆಡ್ಡಿಗೆ 30 ಮೀಟರ್. ಕರೆಂಟ್ ಹೋಗಿ ವಾಪಸ್ ಬರಬೇಕಲ್ವಾ, ಲೆಕ್ಕಕ್ಕೆ 60. 4 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 5 ಓಮ್, ಅಂದರೆ 60 ಮೀಟರಿಗೆ 0.3 ಓಮ್. 25 ಆಂಪ್ ಎಳೆದರೆ ಏಳೂವರೆ ವೋಲ್ಟ್ ದಾರಿಯಲ್ಲೇ ಹೋಯಿತು. 230ರಲ್ಲಿ ಅದು 3% ದಾಟುತ್ತದೆ. ನಾನು ಯಾರ ಮನೆಯಲ್ಲೂ ಅಷ್ಟು ಬಿಡುವುದಿಲ್ಲ. ಆರರದ್ದಾದರೆ 5 ವೋಲ್ಟಿನಲ್ಲಿ ಮುಗಿಯುತ್ತದೆ.

ಇನ್ನೊಂದು ವಿಷಯ ಸೆಕೆ. ಚಾರ್ಜರ್ ಗಂಟೆಗಟ್ಟಲೆ ಓಡುತ್ತದೆ. ಏಪ್ರಿಲ್, ಮೇಯಲ್ಲಿ ಪೈಪಿನೊಳಗಿನ ವೈರ್ ತಣಿಯುವುದೇ ಇಲ್ಲ. 32 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿದ ಮೇಲೆ ಆ ಸೆಕೆಯಲ್ಲೂ ವೈರ್ 32 ಆಂಪ್ ತಾಳಲೇಬೇಕು. ನಾಲ್ಕರದ್ದನ್ನು ಅಲ್ಲಿ ನಂಬಲಾಗದು. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಆರರದ್ದೇ ತಂದೆ. ಅರ್ಥಿಗೆ ತೆಳು ವೈರ್ ಹಾಕಿ ದುಡ್ಡು ಉಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪೈಪಿನ ಲೆಕ್ಕ ಸುಲಭ. ವೈರುಗಳು ಒಳಗಿನ ಜಾಗದ 40% ಮೀರಬಾರದು. ಆರರ ವೈರ್ ಕವಚ ಸೇರಿ ಸುಮಾರು 5 ಎಂಎಂ ದಪ್ಪ, ಮೂರು ವೈರ್ 20ರ ಪೈಪಿಗೂ ಹಿಡಿಸುತ್ತವೆ. ಆದರೂ 25ರ ಹೆವಿ ಪೈಪ್ ಹಾಕಿದೆ. ಮೂರನೇ ಬೆಂಡಿನಲ್ಲಿ ವೈರ್ ಕಚ್ಚಿಕೊಂಡಾಗ ಜೋರಾಗಿ ಎಳೆದರೆ ಕವಚ ತರಚುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ನೆಲದಡಿ ಪೈಪ್ ಹೂಳಲಿಲ್ಲ. ನಮ್ಮ ಜೂನ್, ಜುಲೈ ಮಳೆಗೆ ಅದು ನೀರು ತುಂಬಿಕೊಂಡೇ ಇರುತ್ತದೆ. ಮಾಡಿನಡಿ ಕೆಂಪುಕಲ್ಲಿನ ಗೋಡೆಗೆ ಕ್ಲಾಂಪ್ ಹೊಡೆದು ತಂದೆ. ಶೆಡ್ಡಿನ ಡಿಬಿಗೆ ಮೇಲಿನಿಂದ ಇಳಿಸದೆ, ಪೈಪನ್ನು ಕೆಳಗಿನವರೆಗೆ ತಂದು ಅಡಿಯಿಂದ ಒಳಗೆ ಹಾಕಿದೆ. ಪೈಪಿನ ಮೈಮೇಲೆ ಹರಿದ ನೀರು ಕೆಳಗಿನ ತಿರುವಿನಲ್ಲೇ ತೊಟ್ಟಿಕ್ಕುತ್ತದೆ, ಡಿಬಿಗೆ ಹೋಗುವುದಿಲ್ಲ.

ಅಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಬೀಳುವ ಸ್ವಿಚ್) ಕೂರಿಸಿದೆ. ನ್ಯೂಟ್ರಲ್ ಬಾರ್ ಬೇರೆ, ಅರ್ಥ್ ಬಾರ್ ಬೇರೆ. ಮೇನ್ ಬೋರ್ಡಿನಿಂದ ಕರೆಂಟ್ ಪಡೆಯುವ ಇಂಥ ಸಬ್ ಡಿಬಿಯಲ್ಲಿ ಇವೆರಡನ್ನು ಸೇರಿಸಲೇಬಾರದು. ಮೆಸ್ಕಾಂನಲ್ಲಿ ಮಂಜೂರಾದ ಲೋಡನ್ನು ಮೊದಲೇ ಹೆಚ್ಚಿಸಿಕೊಂಡಿದ್ದೆ.

ಚಾರ್ಜರ್, ಕಂಪ್ರೆಸರ್ ಎರಡನ್ನೂ ಒಟ್ಟಿಗೆ ಓಡಿಸಿ ಮೀಟರ್ ಹಿಡಿದೆ. ಮೇನಿನಲ್ಲಿ 226 ವೋಲ್ಟ್, ಶೆಡ್ಡಿನಲ್ಲಿ 222.