ದಸರೆಗೆ ಕಿಟಕಿ ತೊಳೆಯುವಾಗ ಗಾಜು ಕೊನೆಗಿರಲಿ

ನವರಾತ್ರಿ ಹತ್ತಿರ ಬಂದು ಮನೆ ಧೂಳು ಹೊಡೆಯಲು ನಿಂತಾಗ, ಕಿಟಕಿಯ ಸರದಿಯಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಗಾಜಿಗೆ. ಆದರೆ ಈ ಹೊತ್ತಿನಲ್ಲಿ ಗಾಜಿಗಿಂತ ಮುಖ್ಯವಾದದ್ದು ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕ್. ಮುಂಗಾರಿನ ಗಾಳಿ ತಂದ ಮಣ್ಣು ಅಲ್ಲಿ ಕೂತು ಗಟ್ಟಿಯಾಗಿರುತ್ತದೆ. ಚಿತ್ತೆ, ಸ್ವಾತಿ ಮಳೆಗಳು ಇನ್ನೂ ಬಾಕಿ. ಹಿಂಗಾರು ಒಂದು ಸಂಜೆ ಗುಡುಗಿ ಸುರಿದರೆ ಟ್ರ್ಯಾಕಿನ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೋಡೆಗೆ ಇಳಿಯುತ್ತದೆ. ಕಿಟಕಿಯ ಕೆಳಗೆ ಬಣ್ಣ ಉಬ್ಬಿ ಸಿಪ್ಪೆ ಏಳುವುದು ಎಷ್ಟೋ ಮನೆಗಳಲ್ಲಿ ಇದರಿಂದಲೇ.

ಒಣ ಕೆಲಸವೆಲ್ಲ ಮುಗಿದ ಮೇಲೆ ನೀರು ಮುಟ್ಟಿ. ಧೂಳಿನ ಮೇಲೆ ನೀರು ಬಿದ್ದರೆ ಕೆಸರಾಗಿ ಮೂಲೆ ಸೇರುತ್ತದೆ. ಸೊಳ್ಳೆ ಮೆಶ್ ಬಿಚ್ಚಲು ಬರುವಂತಿದ್ದರೆ ತೆಗೆದು ನೆಲಕ್ಕೆ ಮಲಗಿಸಿ, ಮೆತ್ತನೆಯ ಬ್ರಷ್ಷಿನಿಂದ ಎರಡೂ ಬದಿ ಗುಡಿಸಿ, ಸೋಪಿನ ನೀರು ಸವರಿ, ಪೈಪಿನ ಹಗುರ ಧಾರೆಯಲ್ಲಿ ತೊಳೆಯಿರಿ. ಒತ್ತಿ ಉಜ್ಜಿದರೆ ಅಂಚಿನ ರಬ್ಬರ್ ದಾರ ಚೌಕಟ್ಟಿನ ಸಂದಿನಿಂದ ಎದ್ದು ಜಾಲರಿ ಸಡಿಲವಾಗುತ್ತದೆ. ಪಾರಿವಾಳದ ಹಿಕ್ಕೆ ಇದ್ದಲ್ಲಿ ಮಾತ್ರ ಒಣಗಿದ್ದನ್ನು ಕೆರೆಯಬೇಡಿ. ಅದರ ಪುಡಿ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿ, ನೆನೆಸಿ, ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಗ್ರಿಲ್ ಕಂಬಿಗಳು ಸಿಮೆಂಟಿಗೆ ಸೇರುವ ಬುಡದಲ್ಲಿ ತುಕ್ಕು ನೋಡಿ. ಅಲ್ಲಿ 120 ನಂಬರಿನ ಎಮೆರಿ ಪೇಪರ್ ಹಾಕಿ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಬಳಿದು, ಒಣಗಿದ ಮೇಲೆ ಎನಾಮೆಲ್ ಹೊಡೆಯಿರಿ. ಈ ಪುಡಿ, ಬಣ್ಣದ ಹನಿ ಎಲ್ಲ ಬೀಳುವುದು ಗಾಜಿನ ಮೇಲೆ. ಅದಕ್ಕೇ ಗಾಜು ಕೊನೆಗೆ.

ಈಗ ಟ್ರ್ಯಾಕ್. ಶಟರನ್ನು, ಅಂದರೆ ಸರಿಯುವ ಗಾಜಿನ ಬಾಗಿಲನ್ನು, ನೇರ ಮೇಲಕ್ಕೆತ್ತಿ, ಕೆಳಭಾಗವನ್ನು ಒಳಕ್ಕೆ ಎಳೆದರೆ ಹೊರಬರುತ್ತದೆ. ಕೆಲವು ಕಿಟಕಿಗಳಲ್ಲಿ ಮೇಲೆ ತಡೆಬಿಲ್ಲೆ ಇರುತ್ತದೆ, ಅದರ ಸ್ಕ್ರೂ ಮೊದಲು ಬಿಚ್ಚಬೇಕು. 5 ಮಿಲಿಮೀಟರ್ ಗಾಜು ಚದರ ಮೀಟರಿಗೆ 12.5 ಕಿಲೊ ತೂಗುವುದರಿಂದ ಇಬ್ಬರಿರಲಿ. ಮಹಡಿ ಮನೆಯಲ್ಲಿ ಹೊರಸಾಲಿನ ಶಟರ್ ತೆಗೆಯುವ ಸಾಹಸ ಬೇಡ, ಸರಿಸಿ ಸರಿಸಿಯೇ ಶುಚಿ ಮಾಡಿ. ಒಂದಿಂಚಿನ ಪೇಂಟ್ ಬ್ರಷ್ಷಿನಿಂದ ಮಣ್ಣು ಸಡಿಲಿಸಿ ವ್ಯಾಕ್ಯೂಮಿನಲ್ಲಿ ಎಳೆಯಿರಿ. ಉಳಿದದ್ದನ್ನು ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ.

ಟ್ರ್ಯಾಕಿನ ಹೊರಅಂಚಿನಲ್ಲಿ ನೀರು ಹೋಗಲು ಸಣ್ಣ ಸೀಳು ಅಥವಾ ತೂತುಗಳಿರುತ್ತವೆ. ಕಣಜ ಮಣ್ಣು ಮೆತ್ತಿರಬಹುದು, ಪೇಂಟರ್ ಪುಟ್ಟಿ ತುಂಬಿರಬಹುದು. ತೆಂಗಿನ ಕಡ್ಡಿ ಹಾಕಿ ಬಿಡಿಸಿ, ಒಂದು ಚೊಂಬು ನೀರು ಟ್ರ್ಯಾಕಿಗೆ ಸುರಿದು ನೋಡಿ. ನೀರು ನಿಲ್ಲದೆ ಹೊರಗೆ ಇಳಿಯಬೇಕು. ತೂತೇ ಇಲ್ಲದ ಕಿಟಕಿಗಳೂ ಉಂಟು. ಅಲ್ಯೂಮಿನಿಯಂ ಕೆಲಸದವರನ್ನು ಕರೆದು ಮಳೆಗೆ ಮೊದಲೇ ಕೊರೆಸಿಕೊಳ್ಳಿ. ರೋಲರಿಗೆ ಗ್ರೀಸ್ ಬೇಡ, ಅದು ಧೂಳು ಹಿಡಿಯುತ್ತದೆ. ಸಿಲಿಕೋನ್ ಸ್ಪ್ರೇ ಸಾಕು.

ಚೌಕಟ್ಟಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರೇ ಸರಿ. ವಾಷಿಂಗ್ ಸೋಡಾ, ಟಾಯ್ಲೆಟ್ ಕ್ಲೀನರ್ ಎರಡೂ ಅಲ್ಯೂಮಿನಿಯಂ ತಿನ್ನುತ್ತವೆ.

ಗಾಜಿಗೆ ಅರ್ಧ ಬಕೆಟ್, ಅಂದರೆ ಸುಮಾರು 5 ಲೀಟರ್ ನೀರಿಗೆ ಒಂದೇ ಚಮಚ ಲಿಕ್ವಿಡ್. ಸೋಪು ಹೆಚ್ಚಾದಷ್ಟೂ ಗೆರೆ ಹೆಚ್ಚು. ನೇರ ಬಿಸಿಲು ಬೀಳುವ ಹೊತ್ತೂ ಬೇಡ, ಒರೆಸುವ ಮೊದಲೇ ಒಣಗಿ ಕಲೆ ನಿಲ್ಲುತ್ತದೆ. ಪೂರ್ವದ ಕಿಟಕಿಗಳನ್ನು ಸಂಜೆಗೆ, ಪಶ್ಚಿಮದವನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ. ಬಟ್ಟೆಯಲ್ಲಿ ತೊಳೆದು, ಮೇಲಂಚಿನ ಒಂದಿಂಚು ಒಣಗಿಸಿ, ಅಲ್ಲಿಂದ ರಬ್ಬರ್ ವೈಪರ್ ಎಳೆಯಿರಿ. ಪ್ರತಿ ಎಳೆತದ ನಂತರ ರಬ್ಬರನ್ನು ಒರೆಸಿಕೊಳ್ಳಿ. ಒಳಗೆ ಅಡ್ಡಕ್ಕೆ, ಹೊರಗೆ ಉದ್ದಕ್ಕೆ ಎಳೆದರೆ ಗೆರೆ ಉಳಿದದ್ದು ಯಾವ ಬದಿಯಲ್ಲಿ ಎಂದು ತಕ್ಷಣ ಗೊತ್ತಾಗುತ್ತದೆ.

ಬೋರ್‌ವೆಲ್ ನೀರಿನ ಬಿಳಿ ಕಲೆ ಸೋಪಿಗೆ ಜಗ್ಗದು. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ಹುಳಿಗೆ ಮಾತ್ರ ಕರಗುತ್ತದೆ. ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಕಲೆಯ ಮೇಲೆ 10 ನಿಮಿಷ ಅಂಟಿಸಿಟ್ಟು ಉಜ್ಜಿ. ಕಿಟಕಿಯ ಹಾಸು ಕಡಪ, ಶಹಾಬಾದ್ ಕಲ್ಲು ಅಥವಾ ಮಾರ್ಬಲ್ ಆಗಿದ್ದರೆ ಮೊದಲು ಪ್ಲಾಸ್ಟಿಕ್ ಮುಚ್ಚಿ. ಇವೆಲ್ಲ ಸುಣ್ಣದ ಜಾತಿಯ ಕಲ್ಲುಗಳು, ವಿನೆಗರ್ ಬಿದ್ದಲ್ಲಿ ಹೊಳಪು ಹೋಗುತ್ತದೆ. ವಿನೆಗರ್ ಜೊತೆ ಬ್ಲೀಚ್ ಎಂದೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಕೊನೆಯ ಒರೆತಕ್ಕೆ ಆರ್‌ಒ ಫಿಲ್ಟರಿನ ಕುಡಿಯುವ ನೀರು ಒಂದು ಮಗ್ ಸಾಕು. ಫಿಲ್ಟರ್ ಹೊರಬಿಡುವ ನೀರು ಬಳಸಿದರೆ ಕೆಲಸ ಕೆಡುತ್ತದೆ, ಲವಣವೆಲ್ಲ ಅದರಲ್ಲೇ ಇರುವುದು.

ಮಲೆನಾಡು, ಕರಾವಳಿಯ ಮರದ ಕಿಟಕಿಗಳು ಮಳೆಗೆ ಉಬ್ಬಿ ಸಿಕ್ಕಿಹಾಕಿಕೊಂಡಿದ್ದರೆ ಈಗಲೇ ಉಳಿ, ಕೀಸುಳಿ ಹಿಡಿಯಬೇಡಿ. ಬೂಸ್ಟು ಒರೆಸಿ, ತೆರೆದಿಟ್ಟು ಒಣಗಲು ಬಿಡಿ. ಈಗ ಕೀಸಿದರೆ ಬೇಸಿಗೆಯಲ್ಲಿ ಮರ ಕುಗ್ಗಿ ಸಂದು ಬೀಳುತ್ತದೆ. ಕಿರುಗುಟ್ಟುವ ಕೀಲಿಗೆ ತೆಂಗಿನೆಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ.