ಮೆಜೆಸ್ಟಿಕ್‌ನಲ್ಲಿ ಬಸ್ ಹಿಡಿಯೋದು ಹೇಗೆ?

ಊರಿಂದ ಬಂದ ನೆಂಟರೆಲ್ಲ ನನ್ನನ್ನು ಕೇಳೋದು ಇದನ್ನೇ. ಮೊದಲು ಒಂದು ವಿಷಯ: ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ ನಿಲ್ದಾಣ ಎರಡಿವೆ. ಕೆಎಸ್‌ಆರ್‌ಟಿಸಿಯದು ಹೊರಊರಿಗೆ, ಬಿಎಂಟಿಸಿಯದು ಸಿಟಿಯೊಳಗೆ. ರೈಲು ನಿಲ್ದಾಣ ಎದುರಿಗೇ ಇದೆ, ಆಟೋ ಬೇಡ.

ಬಸ್ಸಿನ ನಂಬರನ್ನು ಅಕ್ಷರದ ಸಮೇತ ನೆನಪಿಟ್ಟುಕೊಳ್ಳಿ. 500ಡಿ ಅಂದರೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆಗೆ. ಅಕ್ಷರ ಬದಲಾದರೆ ದಾರಿಯೂ ಬದಲು. ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿಬಿಡಿ: "ಸಾರ್, ಕಾಡುಗೋಡಿಗೆ ಹೋಗುತ್ತಾ?" "ಹತ್ತಿ, ಹತ್ತಿ" ಅಂದರೆ ಹತ್ತಿ. ನಂಬರ್ ಹಿಡಿದು ಆ್ಯಪ್ ನೋಡುತ್ತಾ ನಿಂತರೆ ಬಸ್ ಹೊರಟುಹೋಗಿರುತ್ತೆ.

ಚಿಲ್ಲರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕಂಡಕ್ಟರ್ ಟಿಕೆಟ್ ಹಿಂದೆ ಪೆನ್ನಿನಲ್ಲಿ ಬಾಕಿ ಬರೆದುಕೊಡುತ್ತಾರೆ. ಆ ಚೀಟಿ ಜೇಬಿನೊಳಗೆ ಮುದುಡಿಹೋಗದಂತೆ ಕೈಯಲ್ಲೇ ಹಿಡಿದಿರಿ, ಇಳಿಯುವ ಒಂದು ಸ್ಟಾಪ್ ಮುಂಚೆಯೇ ಕೇಳಿ. ಇಳಿದ ಮೇಲೆ ಕೇಳಿದರೆ ಏನು ಪ್ರಯೋಜನ, ಅಲ್ವಾ?

ಕರ್ನಾಟಕದ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಉಚಿತ. ಆಧಾರ್ ತರದ ಗುರುತಿನ ಚೀಟಿ ತೋರಿಸಿ, ಶೂನ್ಯ ಟಿಕೆಟ್ ತಪ್ಪದೆ ಪಡೆಯಿರಿ. ಎಸಿ ಬಸ್ಸಿಗೆ ಇದು ನಡೆಯಲ್ಲ. ವಿಮಾನ ನಿಲ್ದಾಣದ ವಾಯು ವಜ್ರ ಬಸ್ಸಿಗೂ ದುಡ್ಡು ಕೊಡಲೇಬೇಕು.

ಸಂಜೆ ಆಫೀಸು ಬಿಡುವ ಹೊತ್ತಲ್ಲಿ ಮಾತ್ರ ವೈಟ್‌ಫೀಲ್ಡ್ ಕಡೆಗೆ ಬಸ್ ಬೇಡ ಅಂತೀನಿ. ಸುಮ್ನೆ ಕೆಳಗಿಳಿದು ನೇರಳೆ ಮಾರ್ಗದ ಮೆಟ್ರೋ ಹಿಡಿಯಿರಿ.